ಬೀಗವಿಲ್ಲದ ಹುಲ್ಲು

ಬಸ್ಸಿನಲ್ಲಿ ನನ್ನ ಮುಂದೆ ಅಕ್ಕ ತಮ್ಮ ಕೂತಿದ್ದರು, ಇಬ್ಬರಿಗೂ ತಲೆ ನರೆತಿತ್ತು. ತಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುವವನೆಂದು ಮಾತಿನಲ್ಲೇ ತಿಳಿಯಿತು.

"ಕ್ಲಬ್ಬಿಗೆ ಬೀಗ ಬಿದ್ದು ಎರಡು ತಿಂಗಳಾಯ್ತು. ಇನ್ನೂ ದಿನಾ ಹೋಗ್ತೀಯಲ್ಲೋ?"

"ಬೀಗ ಕಟ್ಟಡಕ್ಕೆ ಅಕ್ಕ, ಹುಲ್ಲಿಗಲ್ಲ."

"ಹೋಗಿ ಏನ್ ಕಡಿದು ಕಟ್ಟೆ ಹಾಕ್ತೀಯ?"

"ಚೆಂಡು ಬೀಳೋ ಕುಳಿ ಬದಲಾಯಿಸ್ತೀನಿ. ನಿನ್ನೆದು ಮುಚ್ಚಿ, ಆಚೆ ಹೊಸದು ತೋಡಿ, ಬಾವುಟ ನೆಡ್ತೀನಿ. ಒಂದೇ ಕಡೆ ಇದ್ರೆ ಜನ ತುಳಿದೂ ತುಳಿದೂ ಹುಲ್ಲು ಸಾಯುತ್ತೆ."

"ತುಳಿಯೋಕೆ ಅಲ್ಲಿ ನರಪಿಳ್ಳೆ ಇಲ್ವಲ್ಲೋ, ಮಂಕೆ!"

"ಇವತ್ತು ಸರ್ಕಾರದ ಸಾಹೇಬ್ರು ಮೈದಾನ ನೋಡೋಕೆ ಬರ್ತಾರೆ. ಜಾಗ ಕೊಟ್ಟಿರೋದೇ ಆಟಕ್ಕೆ; ಆಟ ನಿಂತಿದೆ ಅಂತ ಅವ್ರು ಬರೆದ್ರೆ ಮೈದಾನ ಬಿಲ್ಡರ್ ಪಾಲು. ಹೊಸ ಕುಳಿ ಕಣ್ಣೆದುರಿಗಿದ್ರೆ ಹೆಂಗ್ ಬರೀತಾರೆ?"

"ಆಡೋರೆಲ್ಲಿ ಅಂತ ಕೇಳ್ತಾರೆ."

ತಮ್ಮ ಕಿಟಕಿ ಕಡೆ ಮುಖ ತಿರುಗಿಸಿದ. ಅಕ್ಕನೇ ಮತ್ತೆ ಕೇಳಿದಳು.

"ಆ ಚೆಂಡು ಹೊಡೆಯೋ ಕೋಲು ಹಿಡಿಯೋದು ಹೆಂಗೋ?"

"ನೀನಾ? ಮೊಣಕಾಲು ತೋರಿಸೋಕೆ ಡಾಕ್ಟ್ರ ಹತ್ರ ಹೊರಟೋಳು!"

"ಮೊಣಕಾಲು ನಾಳೆನೂ ನೋಯುತ್ತೆ. ಸಾಹೇಬ್ರು ನಾಳೆ ಬರಲ್ಲ."

"ಚೆಂಡಿಗೆ ತಾಗದಿದ್ರೆ?"

"ಆಟ ಬರಲ್ಲ ಅಂತ ಬರ್ಕೊಳ್ಳಲಿ. ಆಟ ಇಲ್ಲ ಅಂತ ಬರೆಯೋಕೆ ನಾನು ಬಿಡಲ್ಲ."

ಕ್ಲಬ್ಬಿನ ಸ್ಟಾಪ್ ಬಂತು. ತಮ್ಮನ ಹೆಗಲು ಹಿಡಿದು ಅಕ್ಕ ಎದ್ದಳು. ಇಬ್ಬರೂ ಇಳಿದು ಹೋದರು.