ಹಾಲು ಕೆಟ್ಟದ್ದು ಡೀಬಗ್, ಲೋಗೋ ಹೋದದ್ದು ಕ್ರಿಟಿಕಲ್

ಹಲೋ… ಹಾಂ, ಯಾರ್ರಿ ಮಾತಾಡೋದು? …

ಯಾರು? ಜೆರೋಮನಾ? ಇದ್ಯಾರ ನಂಬರಪ್ಪಾ? …

ಓಹೋ, ಗೆಳ್ಯಾಂದು. ನಿಂದು ಮುಂಜಾನಿಂದ ಬಂದ್ ಅದ. ಸಾಯಗಾಂವದವ್ರು ಫೋನ್ ಮಾಡ್ತಾರಂತ ಬಂದ್ ಇಟ್ಟೀದಿ, ಅಲ್ಲೇನು? ಶಾಬಾಶ್. …

ನಾನಾ? ಸಾಯಗಾಂವದಾಗೇ ಅದೀನಿ. ಹಾಲಿನ ಡೇರಿ ಅಂಗಳದಾಗ ನಿಂತೀನಿ. ಅಕ್ಕ-ತಮ್ಮ ಇಬ್ಬರೂ ಬೀದರ್‌ದಾಗ ಅಡಗಿ ಕುಂತ್ರ ಇಲ್ಲಿ ಜವಾಬು ಯಾರು ಕೊಡಬೇಕು? ಟ್ಯಾಂಕಿನ ಹಾಲೆಲ್ಲಾ ಹುಳಿ ಆಗ್ಯಾದ. ಈಗರ ಮೋರ್ಯಾಗ ಸುರಿದ್ರು. ನಾಯಿ ಸುದ್ದಾ ಮೂಸಿ ಹೊಳ್ಳಿ ಹೋತು. …

ಕರೆಂಟ್ ಹೋಗಿತ್ತಂತ ಹೇಳ್ಲಾ? ಆಹಾ! ಊರಾಗ ಎಲ್ಲಾರ ಮನ್ಯಾಗ ಟೀವಿ ನಡದಿದ್ವಂತ, ಡೇರಿಗೊಂದೇ ಕರೆಂಟ್ ಹೋತಾ? ಕೂಲರಿನ ಕಂಪ್ರೆಸರ್ ನಿಂತಿತ್ತೋ ಮಾರಾಯಾ. ವೈರ್ ಸುಟ್ಟಿತ್ತು. ವೈರ್ ಸುಡೋದು ನಿನ್ನ ತಪ್ಪಲ್ಲ, ಅದು ಗೊತ್ತದ ನನಗ. ನಿಂತ ಕೂಡ್ಲೇ ಡೇರಿ ನೋಡ್ಕೊಳ್ಳೋ ಶಾಂತಾಬಾಯಿ ಮೊಬೈಲಿಗೆ ಮೆಸೇಜ್ ಬರಬೇಕಿತ್ತು. ಅದಕ್ಕಂತಲೇ ನಮ್ಮ ಸಾಫ್ಟ್‌ವೇರ್ ಕುಂದ್ರಿಸ್ಯಾರ ಇವ್ರು. ಬಂತಾ? …

ಏನಂದಿ? ಇನ್ನೊಮ್ಮಿ ಅನ್ನು. …

ಬಂದಿರ್ತದ, ಆಕಿ ಅಳಿಸಿರ್ತಾಳ. ಹಾಂ. ಇದೇ ಮಾತು ಮುಂಜಾನಿ ಅಧ್ಯಕ್ಷರು ವೈಜಿನಾಥ ಅವ್ರಿಗೂ ಹೇಳೀದಿ. ಹೇಳಿ ಫೋನ್ ಬಂದ್ ಮಾಡೀದಿ. ಅವ್ರೇನು ಮಾಡಿದ್ರು ಗೊತ್ತದೇನು? ನಾಲ್ಕು ಮಂದಿ ಮುಂದ ಆಕಿ ಕೈಯಾಂದ ಡೇರಿ ಕೀಲಿ ಕಸಗೊಂಡ್ರು. ನಾಳಿಂದ ಬರಬ್ಯಾಡ ಅಂದ್ರು. ಹಾಲು ಹಾಕಾಕ ಬಂದ ಹೆಣ್ಮಕ್ಕಳು ಆಕಿಗೆ ಏನೇನಂದ್ರು ಅನ್ನೋದು ನನ್ನ ಬಾಯಿಲೆ ಹೇಳಾಕ ಬರಂಗಿಲ್ಲ. ಆಕಿ ಒಂದೇ ಮಾತು, “ನನ್ನ ಫೋನಿಗೆ ಏನೂ ಬಂದಿಲ್ಲರಿ.” ಯಾರು ಕೇಳ್ತಾರ? ಕಂಪ್ಯೂಟರಿನ ಸಾಹೇಬ್ರು ಬಂದದ ಅಂದ್ಮ್ಯಾಲ ಮುಗೀತು. …

ತಡಿ, ತಡಿ. ಈಗ ನಾ ಮಾತಾಡ್ತೇನಿ. ನೀ ಬರದ ಕೋಡ್ ತಗದು ನೋಡೀನಿ. ಹೂಂ, ಇಲ್ಲೇ ಕುಂತು. …

ಕಂಪ್ರೆಸರ್ ನಿಂತ್ರ ಅದನ್ನ ಯಾವ ದರ್ಜಾಕ್ಕ ಹಾಕೀದಿ? ಹೇಳು. …

ಡೀಬಗ್! ಎಲ್ಲಕ್ಕಿಂತ ಕೆಳಗಿನ ದರ್ಜಾ! ಎರರ್ ದರ್ಜಾ, ಅದರ ಮ್ಯಾಲಿಂದಷ್ಟೇ ಮೊಬೈಲಿಗೆ ಕಳಿಸು ಅಂತ ಬರದಾಂವನೂ ನೀನೇ. ಮ್ಯಾಲ ಹ್ಯಾಂಗ ಹೋಗ್ತದ ಅದು? ಅಲ್ಲೇ ಸತ್ತದ. …

ಟೆಸ್ಟ್ ಮಾಡೋವಾಗ ನಿನ್ನ ಫೋನ್ ಒಂದೇ ಸವನ ಬಡ್ಕೋತಿತ್ತು, ಅದಕ್ಕ ಇಳಿಸಿದಿ, ಆಮ್ಯಾಲ ಏರಿಸೋದು ಮರ್ತಿ. ಹಾಂ. ಕೂಸು ಅಳ್ತದಂತ ಬಾಯಿಗೆ ಅರಿಬಿ ತುರುಕಿದಿ, ತಗಿಯೋದು ಮರ್ತಿ. …

ನಗು ಬರಂಗಿಲ್ಲ, ಜೆರೋಮ. ಇನ್ನೊಂದು ಕೇಳು. ಆ ಕೋಡಿನಾಗ ಎಲ್ಲಕ್ಕಿಂತ ಮ್ಯಾಲಿನ ದರ್ಜಾ, ಕ್ರಿಟಿಕಲ್ ಅಂತ ಏನು ಹಾಕೀದಿ ನೆನಪದೇನು? …

ಲೋಗೋ! ನಮ್ಮ ಕಂಪನಿ ಲೋಗೋದ ಚಿತ್ರ ಸಿಗಲಿಲ್ಲಂದ್ರ ಕ್ರಿಟಿಕಲ್! ಮನಿಗೆ ಬೆಂಕಿ ಹತ್ತೇದ ಅನ್ನೋದು ಕಿವ್ಯಾಗ ಪಿಸಪಿಸ, ಅಂಗಳದಾಗ ಕಸಾ ಬಿದ್ದದ ಅಂತ ಊರೆಲ್ಲಾ ಡಂಗುರ. ಭಾರಿ ಇಂಜಿನಿಯರ್ ಅದೀಯಪ್ಪಾ. ಮೆಸೇಜ್ ಎಷ್ಟು ಗಂಭೀರ ಅಂತ ಗುರ್ತು ಹಚ್ಚಾಕ ನಾವು ತಗೊಂಡ ಆ ತಯಾರ ಕೋಡ್ ಬರದವ್ರು ಐದು ದರ್ಜಾ ಮಾಡಿ ಕೊಟ್ಟಾರ. ಹಾಲು ಮುಖ್ಯನೋ ಲೋಗೋ ಮುಖ್ಯನೋ ಅನ್ನೋದರ ನೀ ಯೋಚಿಸಬೇಕಿತ್ತಲ್ಲ? …

ಏನು? ಸುಮ್ಮ ಇರ್ಲಾ? …

ಚಿಂತಾಕಿ, ಡಾಬಕಾ ಊರಿನ ಡೇರಿದವ್ರ ಜೋಡಿ ಮಾತು ನಡದದ, ಈಗ ಬಾಯಿ ಬಿಟ್ರ ಔರಾದ್ ಕಡಿ ಯಾರೂ ನಮ್ಮನ್ನ ಕರಿಯಂಗಿಲ್ಲ. ಅಷ್ಟೇನು? ಶಾಂತಾಬಾಯಿಗೆ ಬ್ಯಾರೆ ಎಲ್ಲ್ಯಾರ ಕೆಲಸಾ ಸಿಗ್ತದ, ಅಲ್ಲೇನು? ಎಲ್ಲಿ ಸಿಗ್ತದ? ಹಾಲು ಕೆಡಿಸಿದಾಕಿ, ಸುಳ್ಳು ಹೇಳಿದಾಕಿ ಅಂತ ಹೆಸರು ಬಂದ್ಮ್ಯಾಲ ಯಾರು ಒಳಗ ಕರ್ಕೋತಾರ? ನಿನ್ನ ಬಾಯಾಗ ಈ ಮಾತು ಹ್ಯಾಂಗರ ಬರ್ತದೋ? ಚಿಕ್ಕಪ್ಪ ನಿನ್ನ ಕೈ ತಂದು ನನ್ನ ಕೈಯಾಗ ಇಟ್ಟು, “ಪ್ರಿಸಿಲ್ಲಾ, ಇಂವಗ ನಿನ್ನ ಜೋಡಿ ಕೆಲಸಕ್ಕ ಹಚ್ಚಿಕೋ, ಶಾಣ್ಯಾ ಇದ್ದಾನ” ಅಂದಿದ್ದ. ಶಾಣ್ಯಾ! …

ಅಳಬ್ಯಾಡ. ಖರೇ ಅಳ್ಲತ್ತಿದಿ ಏನು? ಅತ್ರೂ ಹೇಳ್ತೇನಿ, ಕೇಳು. ನಾ ಸುಮ್ಮ ಇಲ್ಲ. ಹೇಳಿ ಮುಗಿಸೀನಿ. …

ಹೂಂ, ಎಲ್ಲಾರ ಮುಂದನೇ. ಮಾತಿಲೆ ಹೇಳಿದ್ರ ನಂಬಂಗಿಲ್ಲಂತ ಮಾಡಿ ತೋರಿಸಿದೆ. ಹೊಸಾ ವೈರ್ ಹಾಕಿದ ಮ್ಯಾಲ, ಶಾಂತಾಬಾಯಿ ಮೊಬೈಲ್ ವೈಜಿನಾಥ ಅವ್ರ ಕೈಯಾಗೇ ಕೊಟ್ಟು, ಕಂಪ್ರೆಸರ್ ಬಂದ್ ಮಾಡಿದೆ. ಮೊಬೈಲ್ ಗಪ್ಪ್. ಕಾದ್ರು, ಕಾದ್ರು, ಏನೂ ಬರಲಿಲ್ಲ. ಆಮ್ಯಾಲ ಕೋಡಿನಾಗ ಆ ಡೀಬಗ್ ಅನ್ನೋದು ತಗದು ಕ್ರಿಟಿಕಲ್ ಮಾಡಿದೆ. ಹೊಳ್ಳಿ ಬಂದ್ ಮಾಡಿದೆ. ಠಣ್ ಅಂತು. ವೈಜಿನಾಥ ಅವ್ರ ಕೈಯಾಗೇ ಠಣ್ ಅಂತು. …

ಅವ್ರೇನಂತಾರ? ಕಿಸೆದಾಗಿಂದ ಕೀಲಿ ತಗದ್ರು. ಆಕಿ ಕೈಯಾಗ ಕೊಡಾಕ ನಾಚಿಕಿ ಬಂತು ಅನಸ್ತದ, ಮೇಜಿನ ಮ್ಯಾಲ ಇಟ್ರು. ಆಕಿ ತಗೊಳ್ಳಲಿಲ್ಲ. “ಕೈಯಾಂದ ಕಸಗೊಂಡ್ರಿ, ಕೈಯಾಗೇ ಕೊಡ್ರಿ” ಅಂದ್ಳು. ಕೊಟ್ರು, ಮತ್ತ! …

ನಮ್ಮ ಇಜ್ಜತ್ತಾ? ಹೋತು. ಹೋಗ್ಲಿ. ಚಿಂತಾಕಿ, ಡಾಬಕಾಕ್ಕ ನಾನೇ ಹೋಗಿ ಇಲ್ಲಿ ಏನಾಗ್ಯಾದ ಅದೆಲ್ಲಾ ಹೇಳ್ತೇನಿ. ಬ್ಯಾಡ ಅಂದ್ರ ಬ್ಯಾಡ. …

ನನಗ ಮಾಫಿ ಕೇಳಬ್ಯಾಡ. ನನಗ ಯಾಕ ಕೇಳ್ತಿ? ನನಗ ಯಾರರ ಸುಳ್ಳು ಹೇಳಿದಾಕಿ ಅಂದಾರೇನು? ಆಕಿ ಇಲ್ಲೇ ಇದ್ದಾಳ, ಟ್ಯಾಂಕ್ ತೊಳಿಲತ್ತಾಳ. ಆಕಿಗೆ ಕೊಡ್ತೇನಿ, ಆಕಿಗೆ ಹೇಳು. …

ಆಮ್ಯಾಲ ಅಲ್ಲ. ಈಗ. …

ಶಾಂತಾಬಾಯಿ, ಕೈ ಒರಸ್ಕೊಂಡು ಇತ್ಲಾಗ ಬರ್ರಿ. ಜೆರೋಮ ಇದ್ದಾನ. ಮುಂಜಾನಿ ನಿಮ್ಮ ಮ್ಯಾಲ ತಪ್ಪು ಹಾಕಿದ್ನಲ್ಲ, ಅಂವನೇ. ನಿಮ್ಮ ಜೋಡಿ ಮಾತಾಡ್ತಾನ. ತಗೋರಿ. …

ಏನಂತಾನ್ರಿ? …

ಮತ್ತ ಫೋನ್ ಬಂದ್ ಮಾಡಿದ್ನಾ? ಇಲ್ಲಿ ಕೊಡ್ರಿ. ಹಲೋ? ಜೆರೋಮ? ಲೇ ಜೆರೋಮ…