ಗಾಡಿ ಕೆಳಗೆ ಹಾಸಿದ ಪೇಪರ್

ಇನ್ನೂ ಹತ್ತಿರ ಬನ್ನಿ, ಜೋರಾಗಿ ಹೇಳುವ ಮಾತಲ್ಲ ಇದು. ಯಾರೋ ಎಲ್ಲೋ ಕಟ್ಟಿದ ಕತೆಯೂ ಅಲ್ಲ. ನಮ್ಮ ಹಿಂದಿನ ಬೀದಿಯ ಪೇಪರ್ ಮೇಸ್ತ್ರಿಗೇ ಆದದ್ದು.

ರಾತ್ರಿ ಹನ್ನೊಂದಾಗಿತ್ತು. ಗ್ಯಾರೇಜಿಗೆ ಬೀಗ ಹಾಕಿ ಮೇಸ್ತ್ರಿ ಒಬ್ಬನೇ ಮನೆಗೆ ನಡೆದು ಹೊರಟಿದ್ದ. ದಾರಿಯಲ್ಲಿ ಒಂದು ತಿರುವು, ತಿರುವಿನಲ್ಲಿ ಆಲದ ಮರ, ಮರದ ಬುಡದಲ್ಲಿ ಹಾಳು ಬಾವಿ. ಒಂದು ವರ್ಷದಿಂದ ಅವನು ಆ ಕಡೆ ಕತ್ತೆತ್ತಿ ನೋಡಿದವನಲ್ಲ. ಅವನ ಒಡಹುಟ್ಟಿದ ತಮ್ಮ ಪಿಕಪ್ ಗಾಡಿ ಸಮೇತ ಬಿದ್ದು ಸತ್ತದ್ದು ಅದೇ ಬಾವಿಯಲ್ಲಿ.

ಆ ತಮ್ಮ, ಬೇಕರಿಯ ಬ್ರೆಡ್ಡು, ಬನ್ನು ಹೇರಿಕೊಂಡು ಬೆಳಕು ಹರಿಯುವ ಮುಂಚೆಯೇ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಸಾಯುವ ತಿಂಗಳು ಮೂರು ಸಲ ಗ್ಯಾರೇಜಿಗೆ ಬಂದಿದ್ದ.

"ಅಣ್ಣಾ, ಕೂಲೆಂಟ್ ಕಮ್ಮಿ ಆಗ್ತಾನೇ ಇದೆ. ಎಲ್ಲಿ ಹೋಗ್ತಿದೆಯೋ ಗೊತ್ತಾಗ್ತಿಲ್ಲ." ಕೂಲೆಂಟ್ ಅಂದರೆ ಇಂಜಿನ್ ಕಾಯದಂತೆ ಸುರಿಯುವ ಹಸಿರು ದ್ರವ.

ಮೇಸ್ತ್ರಿಯದು ಒಂದೇ ಪರೀಕ್ಷೆ. ರಾತ್ರಿ ಗಾಡಿಯ ಕೆಳಗೆ ಆ ದಿನದ ಪೇಪರ್ ಬಿಡಿಸಿ ಹಾಸುವುದು, ಬೆಳಿಗ್ಗೆ ನೋಡುವುದು. ಹನಿ ಬಿದ್ದಿದ್ದರೆ ಸೋರಿಕೆ, ಇಲ್ಲದಿದ್ದರೆ ಇಲ್ಲ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು, ಅದಕ್ಕೇ ಅವನಿಗೆ ಆ ಹೆಸರು. ಪೈಪುಗಳಿಗೆ ಗಾಳಿಯ ಒತ್ತಡ ಕೊಟ್ಟು ಸೋರಿಕೆ ಹುಡುಕುವ ಕೈಪಂಪು ಗೋಡೆಯ ಮೇಲೆ ಧೂಳು ತಿನ್ನುತ್ತಾ ನೇತಾಡುತ್ತಿತ್ತು.

ಮೂರು ಸಲವೂ ಪೇಪರ್ ಒಣಒಣ ಇತ್ತು.

"ನೋಡೋ, ಒಂದು ಹನಿ ಇಲ್ಲ. ಬಾಟಲಿ ಇಟ್ಕೊಂಡು ದಿನಾ ಒಂದಿಷ್ಟು ಸುರ್ಕೋ, ಸಾಕು."

"ಹೀಟರ್ ಹಾಕಿದ್ರೆ ಗಾಜಿಗೆ ಒಳಗಿಂದ ಮಂಜು ಕಟ್ಟತ್ತೆ ಅಣ್ಣಾ. ಒರೆಸಿದ್ರೂ ಹೋಗಲ್ಲ, ಜಿಡ್ಡುಜಿಡ್ಡು. ಏನೋ ಸಿಹಿ ವಾಸನೆ ಬೇರೆ..."

"ಬನ್ನು ಹೊರೋ ಗಾಡೀಲಿ ಇನ್ನೇನು ವಾಸನೆ ಬರತ್ತೋ, ಪೆದ್ದ?" ಮೇಸ್ತ್ರಿ ನಕ್ಕಿದ್ದ. ತಮ್ಮನೂ ನಕ್ಕ. ಅಣ್ಣ ಹೇಳಿದ ಮೇಲೆ ಮುಗಿಯಿತು ಅನ್ನುವಷ್ಟು ನಂಬಿಕೆ ಅವನಿಗೆ.

ಮೂರನೇ ಸಲ ಪೇಪರ್ ನೋಡಿದ ಮಾರನೇ ದಿನ ಗಾಡಿ ಬಾವಿಯಲ್ಲಿತ್ತು. ವಿಚಾರಣೆಗೆ ಬಂದವರ ಮುಂದೆ ಮೇಸ್ತ್ರಿ, "ಗಾಡಿ ಸರಿಯಾಗೇ ಇತ್ತು, ನಾನೇ ನೋಡಿದ್ದೆ. ನಿದ್ದೆ ಹತ್ತಿರಬೇಕು" ಅಂದುಬಿಟ್ಟ. ಅಷ್ಟು ಸಾಕಾಯಿತು ಜನಕ್ಕೆ. ಸತ್ತವನಿಗೆ 'ನಿದ್ದೆಗಣ್ಣ' ಅಂತ ಹೆಸರು ಅಂಟಿಕೊಂಡಿತು. ಅವನ ಮಗಳನ್ನು ಶಾಲೆಯಲ್ಲಿ ನಿದ್ದೆಗಣ್ಣನ ಮಗಳು ಅಂತಲೇ ಕರೆದು ಅಳಿಸುತ್ತಿದ್ದರು.

ಸರಿ, ಆ ರಾತ್ರಿಗೆ ಬರೋಣ. ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಾನೆ...

ಟಕ್. ಬಾನೆಟ್ ತೆರೆದ ಸದ್ದು.

ಕಿರ್ರ್... ಬಾಟಲಿಯ ಮುಚ್ಚಳ ತಿರುಗಿತು. ಗುಳು... ಗುಳು... ಗುಳು... ಏನೋ ಸುರಿಯುತ್ತಿದೆ. ತಿರುಗಿ ನೋಡಿದರೆ ರಸ್ತೆ ಖಾಲಿ. ಮರದ ಒಂದೆಲೆಯೂ ಅಲ್ಲಾಡುತ್ತಿಲ್ಲ.

ಆಮೇಲೆ... ಕುಂಯ್... ಕುಂಯ್... ಬಟ್ಟೆಯಲ್ಲಿ ಗಾಜು ಒರೆಸುವ ಸದ್ದು. ಮೊದಲು ನಿಧಾನ. ಆಮೇಲೆ ಅವಸರ. ಆಮೇಲೆ ಜೀವ ಹೋಗುವ ಹಾಗೆ ಕುಂಯ್ ಕುಂಯ್ ಕುಂಯ್ ಕುಂಯ್... ಥಟ್ಟನೆ ನಿಂತಿತು.

"ಅಣ್ಣಾ..." ಕಿವಿಯ ಪಕ್ಕದಲ್ಲೇ.

ತಮ್ಮನದೇ ದನಿ. ಮೇಸ್ತ್ರಿ ಗಕ್ಕನೆ ತಿರುಗಿದ.

"ಪೇಪರ್ ಎಲ್ಲಿ ಹಾಸಿದ್ದೆ?"

"ಗಾಡಿ... ಗಾಡಿ ಕೆಳಗೆ..."

"ನಾನು ಕೂತಿದ್ದು ಒಳಗಲ್ವಾ ಅಣ್ಣಾ?"

ಅಷ್ಟೇ.

ಮೇಸ್ತ್ರಿ ಎದ್ದೆನೋ ಬಿದ್ದೆನೋ ಅಂತ ಗ್ಯಾರೇಜಿಗೆ ಓಡಿದ. ಬಾವಿಯಿಂದ ಎತ್ತಿ ತಂದ ಪಿಕಪ್ ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಗೋಡೆಯ ಕೈಪಂಪು ಇಳಿಸಿದ. ಇಂಜಿನ್ನಿನ ಬಿಸಿ ಕೂಲೆಂಟನ್ನು ಕ್ಯಾಬಿನ್ನಿನ ಹೀಟರಿಗೆ ಒಯ್ದು ತರುವ ಎರಡು ಪೈಪುಗಳಲ್ಲಿ ಒಂದನ್ನು ಮುಚ್ಚಿ, ಇನ್ನೊಂದಕ್ಕೆ ಪಂಪು ಸಿಕ್ಕಿಸಿ ಒತ್ತಿದ. ಪಂಪಿನ ಮೀಟರಿನ ಮುಳ್ಳು ಏರಿತು. ಒಂದು ಕ್ಷಣ ನಿಂತಿತು. ಮೆಲ್ಲಗೆ ಇಳಿಯತೊಡಗಿತು... ಸ್ಸ್ಸ್... ಅಂತ ಸದ್ದು ಕ್ಯಾಬಿನ್ನಿನ ಒಳಗಿಂದ ಬಂತು.

"ಬಿದ್ದಾಗ ಒಡೆದಿರಬೇಕು" ಅಂತ ತನಗೇ ಹೇಳಿಕೊಂಡ. ಡ್ಯಾಶ್‌ಬೋರ್ಡ್ ಕಿತ್ತು ಟಾರ್ಚ್ ಬಿಟ್ಟ. ಹೀಟರಿನ ಜಾಯಿಂಟಿನ ಸುತ್ತ ಹಸಿರು ಕಿಟ್ಟ ಗಟ್ಟಿಯಾಗಿ ಕಟ್ಟಿತ್ತು. ಒಂದೇ ಏಟಿಗೆ ಆದದ್ದಲ್ಲ ಅದು, ಎಷ್ಟೋ ದಿನ ಹನಿಹನಿಯಾಗಿ ಜಿನುಗಿ ಒಣಗಿದ್ದು. ಹನಿಯೆಲ್ಲ ಒಳಗೆ, ಮ್ಯಾಟಿನ ಕೆಳಗೆ ಇಳಿದಿದೆ. ಅದರ ಆವಿಯೇ ಗಾಜಿಗೆ ಹತ್ತಿದೆ. ಸಿಹಿ ವಾಸನೆ ಬನ್ನಿನದಾಗಿರಲಿಲ್ಲ, ಕೂಲೆಂಟಿನದು. ಕಣ್ಣು ಬಿಟ್ಟುಕೊಂಡೇ ಸತ್ತಿದ್ದ ತಮ್ಮ. ಮೇಸ್ತ್ರಿ ಅಲ್ಲೇ ಕುಸಿದು ಕೂತು ಬಾಯಿಗೆ ಕೈ ಅಡ್ಡ ಹಿಡಿದು ಅತ್ತ. ಗಾಡಿಯ ಬಾಗಿಲಿಗೆ ಬೀಗ ಹಾಕಿ, ಬೆಳಕಾಗುವ ಹೊತ್ತಿಗೆ ತಮ್ಮನ ಮನೆಯ ಬಾಗಿಲಲ್ಲಿ ನಿಂತಿದ್ದ.

"ಅವನು ನಿದ್ದೆ ಮಾಡಿರ್ಲಿಲ್ಲಮ್ಮ. ರಸ್ತೆನೇ ಕಾಣ್ತಿರ್ಲಿಲ್ಲ ಅವನಿಗೆ. ತಪ್ಪು ನಂದು."

ತಮ್ಮನ ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ.

"ಒಂದು ವರ್ಷದಿಂದ ದಿನಾ ರಾತ್ರಿ ಅವರಿಗೆ ಬೈದೇ ಮಲಗಿದೀನಿ ಭಾವ. ಮನೇಲಿ ಮಗಳಿದಾಳೆ, ಕಣ್ಣು ಮುಚ್ಚೋಕೆ ಮನಸಾದ್ರೂ ಹೇಗೆ ಬಂತು ಅಂತ. ಆ ಬೈಗುಳನೆಲ್ಲ ಈಗ ಹೇಗೆ ವಾಪಸ್ ತಗೊಳ್ಲಿ, ಹೇಳಿ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೇ ಹೊಸಿಲು ದಾಟಿದಳು.

"ನಡೀರಿ. ನಾನೇ ನೋಡ್ಬೇಕು."

ಗ್ಯಾರೇಜಿನ ಹಿತ್ತಲಿಗೆ ಹೋಗಿ ಅವಳ ಎದುರಿಗೇ ಗಾಡಿಯ ಬೀಗ ತೆಗೆದ. ಕ್ಯಾಬಿನ್ನಿನ ನೆಲದ ಮೇಲೆ ಪೇಪರ್ ಹಾಸಿತ್ತು. ಅಂಚು ಎಳೆದು, ಮಡಿಕೆ ನೀವಿ, ಮೇಸ್ತ್ರಿ ಹಾಸುವ ಹಾಗೆಯೇ. ತಾರೀಖು ತಮ್ಮ ಸಾಯುವ ಎರಡು ದಿನ ಹಿಂದಿನದು. ಕೊನೆಯ ಸಲ ತಮ್ಮನಿಗೆ ಒಂದು ಹನಿ ಇಲ್ಲ ಅಂತ ತೋರಿಸಿ, ಕೈ ಒರೆಸಿಕೊಂಡು ಆಗಲೇ ಒಲೆಗೆ ಹಾಕಿದ್ದ ಪೇಪರ್ ಅದು. ಈಗ ನಡುವೆ ಅಂಗೈಯಗಲ ಹಸಿರು ಒದ್ದೆ.

ಮೇಸ್ತ್ರಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಶಾಲೆಯ ಗೇಟಿನ ಮುಂದೆ ನಿಂತೂ ಹೇಳಿದ. ತಮ್ಮನ ಕೊರಗಿನಲ್ಲಿ ತಲೆ ಕೆಟ್ಟಿದೆ ಅಂದರು ಜನ. ನಿದ್ದೆಗಣ್ಣ ಅನ್ನುವ ಹೆಸರು ಹಾಗೇ ಉಳಿಯಿತು. ಅಂಟಿಸಿದವನೇ ಕೀಳಲು ಹೋದರೂ ಬರಲಿಲ್ಲ, ನೋಡಿ.

ನೀವೂ ನಗಬಹುದು, ನಗಿ. ಆ ಪೇಪರನ್ನು ಅವಳು ಬಿಸಿಲು ಬೀಳುವ ಕಿಟಕಿಯಲ್ಲಿ ಹರಡಿಟ್ಟಿದ್ದಾಳೆ. ಎರಡು ಬೇಸಿಗೆ ಕಳೆದವು. ಮೊನ್ನೆ ಹೋದಾಗ ನಾನೇ ಈ ಬೆರಳಿನಿಂದ ಮುಟ್ಟಿ ನೋಡಿದೆ...

ಇನ್ನೂ ಒದ್ದೆ ಇದೆ.