ಕುರ್ಚಿಯ ತುದಿ

ಮೈಸೂರಿನ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕಾಯುತ್ತಿದ್ದ ನಂಜಮ್ಮಣ್ಣಿಗೆ ತನ್ನ ಮಂಡಿನೋವೇ ಮರೆತುಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಎದುರು ಕುರ್ಚಿಯ ಮುದುಕರನ್ನು ಗುರುತು ಹಿಡಿದು ತರಾಟೆಗೆ ತೆಗೆದುಕೊಂಡಿದ್ದಳು.

"ಯೋಗದ ಮೇಷ್ಟ್ರಿಗೆ ಇಲ್ಲೇನು ಕೆಲಸ?"

"ಯಾರನ್ನೋ ನೋಡೋಕೆ ಬಂದಿದ್ದೆ, ಪಂಕಜಾ."

"ನನ್ನನ್ನೇ ನೋಡಿ. ಪದ್ಮಾಸನದಲ್ಲಿ ಮಂಡಿ ನೆಲ ಮುಟ್ಟಲ್ಲ ಅಂತ ಕಾಲಿಟ್ಟು ಒತ್ತಿದ್ರಲ್ಲ, ಲಟಕ್ ಅಂತು. ನೋವು ಅಂದ್ರೆ ಮೈಗಳ್ಳತನ ಅಂದ್ರಿ."

"ನಮ್ಮ ಗುರುಗಳು ನನಗೂ ಹಾಗೇ ಒತ್ತಿದ್ದು."

"ಸಡಿಲ ಆಗಬೇಕಾದ್ದು ಸೊಂಟದ ಕೀಲು, ಮಂಡಿ ಅಲ್ಲ. ಇಲ್ಲಿ ಯೋಗ ಹೇಳಿಕೊಡೋ ಹುಡುಗಿಗೆ ಅದು ಗೊತ್ತು. ಆರು ತಿಂಗಳಿಂದ ಕುರ್ಚಿ ತುದೀಲಿ ಕೂರಿಸಿ, ಏಳಿಸಿ, ನನ್ನ ತೊಡೆ ಗಟ್ಟಿ ಮಾಡಿದ್ದಾಳೆ."

"ಕುರ್ಚಿ ಮೇಲೆ ಮಾಡೋದೂ ಒಂದು ಯೋಗವೇ?"

"ಅದರಿಂದಲೇ ಇವತ್ತು ಮೆಟ್ಟಿಲು ಹತ್ತಿ ಬಂದೆ. ನೀವು ಹೇಗೆ ಬಂದ್ರಿ, ಲಿಫ್ಟಲ್ಲಾ?"

ಮೇಷ್ಟ್ರು ಡಾಕ್ಟರ ಬಾಗಿಲ ಕಡೆ ತಿರುಗಿ ಕೂತರು.

"ಬೆಳಿಗ್ಗೆ ಯಾರ ಮಂಡಿ ಒತ್ತಿ ಬಂದ್ರಿ?"

ಅಷ್ಟರಲ್ಲಿ ನರ್ಸ್ ಬಾಗಿಲಿನಿಂದ ಕರೆದಳು. "ಶೇಷಗಿರಿ ಅವರು ಯಾರು? ಎರಡೂ ಮಂಡಿ?"

ಮೇಷ್ಟ್ರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಪಂಕಜಾ ಹೋಗಿ ಎಬ್ಬಿಸುತ್ತಾಳೇನೋ ಎಂದು ನಂಜಮ್ಮಣ್ಣಿ ಅವಳ ಮುಖ ನೋಡಿದರೆ, ಅವಳು ಕೈಕಟ್ಟಿ ಕೂತೇ ಇದ್ದಳು.

"ತುದಿಗೆ ಬನ್ನಿ. ಮಂಡಿ ಒಳಕ್ಕೆ ವಾಲ್ತಿದೆ, ಕಾಲ್ಬೆರಳ ನೇರಕ್ಕಿಡಿ. ಹಿಮ್ಮಡಿ ಊರಿ. ಈಗ ಏಳಿ."

ಮೇಷ್ಟ್ರು ಅವಳು ಹೇಳಿದ ಹಾಗೆಯೇ ಮಾಡಿದರು, ಎದ್ದರು, ತಿರುಗಿ ನೋಡದೆ ಒಳಕ್ಕೆ ನಡೆದರು.

"ಅವತ್ತು ಇಷ್ಟು ಹೇಳಿಕೊಟ್ಟಿದ್ರೆ ಸಾಕಿತ್ತು, ಮೇಷ್ಟ್ರೇ," ಎಂದಳು ಪಂಕಜಾ, ಅವರ ಬೆನ್ನಿಗೆ.